ವಾಸಿದಿಬ್ಬ

ಮಡುಗೂರಿನ ಪುಟ್ಟ ಪಾರಂಪರಿಕ ರೈಲು ನಿಲ್ಲುವ ಮೂರನೆಯ ತಾಣ ವಾಸಿದಿಬ್ಬ. ಅಲ್ಲಿ ಕಿರಿದಾದ ಹಳಿಯ ಮೇಲೆ ಒಂಬತ್ತನೇ ನಂಬರಿನ ಉಗಿ ಎಂಜಿನ್ ಹೊಸ ಬಣ್ಣ ಬಳಿಸಿಕೊಂಡು ನಿಂತಿದೆ. ಕಾಯಿಲೆಯವರ ಮನೆಯವರು ಅದರ ಗಾಲಿಗೆ ಅರಿಶಿನದ ದಾರ ಕಟ್ಟುತ್ತಾರೆ. ಯಾರಿಗಾದರೂ ವಾಸಿಯಾದದ್ದನ್ನು ಊರವರಂತೂ ಕಂಡಿಲ್ಲ. ಆ ಹೆಸರು ದೇವರಿಂದ ಬಂದದ್ದಲ್ಲ, ಗೇಲಿಯಿಂದ ಬಂದದ್ದು.

ಹಿಂದೆ ಒಮ್ಮೆ, ಜನ ಇದೇ ಹಳಿಯ ಮೇಲೆ ಸಂತೆಗೆ ಹೋಗುತ್ತಿದ್ದ ಕಾಲದಲ್ಲಿ, ಏಳನೇ ನಂಬರಿನ ಎಂಜಿನ್ನಿಗೆ ಮುನಿಚೌಡಪ್ಪನೆಂಬ ಫೈರ್‌ಮನ್ ಇದ್ದನಂತೆ. ಒಲೆಗೆ ಕಲ್ಲಿದ್ದಲು ಎಸೆದೂ ಎಸೆದೂ ಬೆನ್ನು ಬಾಗಿದ್ದ ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ತನ್ನದೆಂದು ಇದ್ದದ್ದು ಆ ಎಂಜಿನ್ ಒಂದೇ. ರೈಲಿನ ಓಡಾಟವೇ ನಿಂತುಹೋದಾಗ ಏಳನ್ನೂ ಒಂಬತ್ತನ್ನೂ ತಂದು ದಿಬ್ಬದ ಪಕ್ಕಪಕ್ಕದ ಹಳಿಗಳಲ್ಲಿ ಬಿಟ್ಟರು. ಕೆಟ್ಟ ಗಾಡಿ ನಿಲ್ಲಿಸುವ ಜಾಗಕ್ಕೆ ರೈಲಿನವರು ‘ಸಿಕ್ ಲೈನು’ ಎನ್ನುತ್ತಾರೆ. “ಸಿಕ್ ಅಂದ್ರೆ ಕಾಯಿಲೆ ತಾನೇ ಸಾಮಿ?” ಎಂದು ಮುನಿಚೌಡಪ್ಪ ಸ್ಟೇಷನ್ ಮಾಸ್ತರರನ್ನು ಕೇಳಿದ. ಇನ್ನದು ಓಡುವುದಿಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ. “ಹೌದಪ್ಪ, ಕಾಯಿಲೆ” ಎಂದುಬಿಟ್ಟರು. “ಹಂಗಾದ್ರೆ ವಾಸಿ ಆಗ್ತದೆ ಬುಡಿ” ಎಂದ ಅವನು.

ಹನ್ನೊಂದು ವರ್ಷ, ಬೆಳಗಾದರೆ ಬಂದು ಏಳನೇ ನಂಬರಿನ ಗಾಲಿ, ಅಚ್ಚು, ಕೀಲುಗಳಿಗೆ ಎಣ್ಣೆ ಬಿಟ್ಟ. ಒಂಬತ್ತು ಅವನದಲ್ಲ, ಅದರ ಕಡೆ ತಿರುಗಿಯೂ ನೋಡಲಿಲ್ಲ. ಅದು ತುಕ್ಕು ಹಿಡಿದು ಹಳಿಗೇ ಕಚ್ಚಿಕೊಂಡಿತು. “ಏನ್ ಚೌಡಣ್ಣ, ವಾಸಿ ಆಯ್ತಾ?” ಎಂದು ದಾರಿಹೋಕರು ಕಿಚಾಯಿಸುತ್ತಿದ್ದರು. ದಿಬ್ಬಕ್ಕೆ ಹೆಸರು ಅಂಟಿದ್ದು ಹಾಗೆ ಎನ್ನುತ್ತಾರೆ.

ಕೊನೆಗೊಂದು ದಿನ ಗುಜರಿಯವರು ಬಂದರು. ಒಂಬತ್ತಕ್ಕೆ ಸರಪಳಿ ಬಿಗಿದು ಟ್ರಾಕ್ಟರಿನಿಂದ ಎಳೆದರು. ಸರಪಳಿ ಹರಿಯಿತೇ ಹೊರತು ಅದು ಮಿಸುಕಲಿಲ್ಲ. ಬೈದುಕೊಂಡು ಅದನ್ನು ಅಲ್ಲೇ ಬಿಟ್ಟರು. ಏಳನ್ನು ಎಳೆದರೆ ಕಿರ್ರೆನ್ನದೆ ಉರುಳಿತು. ಅದನ್ನು ಕಂಡ ಮುನಿಚೌಡಪ್ಪ ಎಣ್ಣೆಡಬ್ಬಿ ಹಿಡಿದೇ ಓಡಿಬಂದ. “ನೋಡ್ರಪ್ಪಾ, ನಡೀತೈತೆ! ವಾಸಿ ಆಗೈತೆ!” ಎಂದು ಕೂಗಿದ. ಗುಜರಿಯವನೊಬ್ಬ ಅವನ ಬೆನ್ನು ತಟ್ಟಿ, “ನೀನು ಎಣ್ಣೆ ಹಾಕಿದ್ದಕ್ಕೆ ನಮ್ಗೆ ಸಲೀಸಾಯ್ತು ಕಣಜ್ಜ. ನಾಳೆ ಕತ್ತರಿಸ್ತೀವಿ” ಎಂದ. “ನಾನೇ ಕಳಿಸ್ಬುಟ್ನಲ್ಲಪ್ಪಾ” ಎಂದು ಮುದುಕ ಕುಸಿದು ಕುಳಿತ. ಮತ್ತೆ ದಿಬ್ಬದ ಕಡೆ ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡ.

ರೈಲು ಮತ್ತೆ ಶುರುವಾದ ಮೇಲೆ ಈಗ ಬರುವವರು ಒಂಬತ್ತನೇ ನಂಬರಿನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಪಕ್ಕದಲ್ಲಿ ಒಂದು ಎಂಜಿನ್ನಿನಷ್ಟು ಉದ್ದದ ನೆಲ ಕಪ್ಪಗಿದೆ. ಎಣ್ಣೆ ಕುಡಿದ ಆ ಮಣ್ಣಿನಲ್ಲಿ ಇಂದಿಗೂ ಹುಲ್ಲು ಮುಳ್ಳು ಯಾವುದೂ ಹುಟ್ಟುವುದಿಲ್ಲ. ಕಾಲಿಗೆ ಮುಳ್ಳು ತಾಗುವುದಿಲ್ಲವೆಂದು ಎಲ್ಲರೂ ಅಲ್ಲೇ ನಿಲ್ಲುತ್ತಾರೆ.