ಹಿರೇಮಲ್ಲ ದೊರೆ ಹುಟ್ಟು ಹಿಡಿದದ್ದು

ಒಂದಾನೊಂದು ಕಾಲದಲ್ಲಿ ಕಣೆ ಪುಟ್ಟಿ, ಹೊಳೆದಂಡೆ ಊರಿನಲ್ಲಿ ತಿಪ್ಪಯ್ಯ ಅಂತ ಒಬ್ಬ ಅಂಬಿಗ ಇದ್ದನಂತೆ. ಹರಿಗೋಲಿನಲ್ಲಿ ಜನಾನ ಆಚೆದಡ ಸೇರಿಸೋದೇ ಅವನ ಬದುಕು. ಒಂದಿನ ಆ ಸೀಮೆ ಪಾಳೇಗಾರ ಹಿರೇಮಲ್ಲನ ಹೆಂಡತಿ ಹೊಳೆ ದಾಟಿ ಇಳಿದು ನೋಡ್ಕೋತಾಳೆ, ಸೊಂಟದ ಡಾಬೇ ಇಲ್ಲ! ಅಂಬಿಗನೇ ಕದ್ದಿರಬೇಕು ಅಂತ ಜೊತೆಗಿದ್ದೋರು ಅಂದರಂತೆ. ಗಂಗಮ್ಮನಾಣೆ ನಾನಲ್ಲ ಬುದ್ಧಿ, ನನ್ನ ಮಾತು ಒಂಚೂರು ಕೇಳಿ ಅಂತ ತಿಪ್ಪಯ್ಯ ಕಾಲು ಹಿಡಿದರೂ ದೊರೆ ಕೇಳಲಿಲ್ಲ, ಹೊಡೀರಿ ಅಂದುಬಿಟ್ಟ. ಆಳುಗಳ ಏಟಿಗೆ ಪಾಪ, ಅವನ ಬಲಗೈ ಮುರಿದೇಹೋಯ್ತಂತೆ.

ಆಮೇಲೆ ಮೂರು ತಿಂಗಳಾದ ಮೇಲೆ ಅರಮನೇಲಿ ಹಾಸಿಗೆ ಬಿಸಿಲಿಗೆ ಹಾಕ್ತಾರೆ, ದಿಂಬಿನ ಗೌಸಿನೊಳಗಿಂದ ಡಾಬು ಠಣ್ ಅಂತ ಬಿತ್ತಂತೆ! ಅವತ್ತು ಹೊರಡೋ ಅವಸರದಲ್ಲಿ ದೊರೆ ಹೆಂಡತೀನೇ ಅಲ್ಲಿ ಇಟ್ಟು ಮರೆತಿದ್ದಳು. ದೊರೆಗೆ ಅನ್ನ ಸೇರಲಿಲ್ಲ. ಮೂರು ಮಕ್ಕಳನ್ನೂ ಕರೆದು, ಏನು ಮಾಡೋಣ ಅಂದ.

ಹಿರಿಮಗ, ಭತ್ತ ಕಳಿಸೋಣ ಅಂದ. ಗಾಡಿ ಬಂದಾಗ ತಿಪ್ಪಯ್ಯನ ಹೆಂಡತಿ ನಾಗಿ, ಹೊಟ್ಟೆಯೇನೋ ತುಂಬುತ್ತಪ್ಪ, ಆದರೆ ಕಳ್ಳನ ಹೆಂಡ್ತಿ ಅಂತ ಬಾವಿ ಹತ್ರ ಸೇರಿಸಲ್ವಲ್ಲ ಅಂದಳಂತೆ. ಆಮೇಲೆ ಎರಡನೇ ಮಗ ಹೊಸ ಹರಿಗೋಲು ಕಳಿಸಿದ. ತಿಪ್ಪಯ್ಯ ಅದನ್ನ ಸವರಿ ನೋಡಿ, ಚೆನ್ನಾಗೈತೆ ಬುದ್ಧಿ, ಯಾವ ಕೈಯಲ್ಲಿ ಹುಟ್ಟು ಹಾಕಲಿ ಅಂದನಂತೆ.

ಕೊನೆಗೆ ಕಿರಿಮಗಳು ಚೆನ್ನಾಜಿ ಅಂದಳಂತೆ, ಅಪ್ಪಾಜಿ, ಅವತ್ತು ಅವನ ಮಾತು ಕೇಳದೆ ಹೊಡೆಸಿದಿರಿ, ಇವತ್ತೂ ಕೇಳದೇನೇ ಕೊಡ್ತಾ ಇದ್ದೀರಿ.

ದೊರೆ ಎದ್ದವನೇ ನಡಕೊಂಡೇ ಹೋದ. ತಿಪ್ಪಯ್ಯನ ಗುಡಿಸಲ ಮುಂದೆ ನೆಲದ ಮೇಲೆ ಕೂತು, ಹೇಳಪ್ಪ, ಕೇಳ್ತೀನಿ ಅಂದನಂತೆ. ತಿಪ್ಪಯ್ಯ, ಕೈಯಂತೂ ನಿಮ್ಮಿಂದ ಕೊಡೋಕಾಗಲ್ಲ ಬುದ್ಧಿ. ಕಳ್ಳ ಅಂದಿರಲ್ಲ, ಆ ಮಾತನ್ನ ಸಂತೆ ಜನದ ಮುಂದೆ ವಾಪಸ್ ತಗೊಳ್ಳಿ. ನನ್ನ ಹುಟ್ಟು ನೀವು ಹಿಡೀರಿ, ನೀರಿನ ದಾರಿ ನಾನು ಹೇಳ್ತೀನಿ ಅಂದ.

ಆಮೇಲೆ ಸಂತೆ ದಿನ ದೊರೆ ರುಮಾಲು ತೆಗೆದು ದಡದಲ್ಲಿ ನಿಂತು, ತಿಪ್ಪಯ್ಯ ಕಳ್ಳನಲ್ಲ, ತಪ್ಪು ನಂದು ಅಂತ ಕೂಗಿ ಹೇಳಿದನಂತೆ. ಹೇಳಿ ಹುಟ್ಟು ಹಿಡಿದರೆ, ಹರಿಗೋಲು ಬುಗುರಿ ಹಂಗೆ ಗಿರಗಿರ ತಿರುಗೋಕೆ ಶುರು! ಹೆಂಗಸರು ಕಿರುಚಿಕೊಂಡ್ರು, ಕೋಳಿಗಳು ಹಾರಿದ್ವು. ಎಡಕ್ಕೆ ಬುದ್ಧಿ, ಎಡಕ್ಕೆ ಅನ್ನುತ್ತಾ ತಿಪ್ಪಯ್ಯ ಕೈ ಮುರಿದ ಮೇಲೆ ಮೊದಲ ಸಲ ನಕ್ಕನಂತೆ.

ಅಲ್ಲಿಂದ ಪ್ರತಿ ಸಂತೆಗೂ ಹುಟ್ಟು ಹಾಕೋಕೆ ದೊರೆಯೇ ಬರ್ತಿದ್ದ, ಮಿಕ್ಕ ದಿನ ಅರಮನೆ ಆಳು ಬರ್ತಿದ್ದ.

ಕೈ ಸರಿಹೋಯ್ತಾ ಅಂತ ಕೇಳ್ತೀಯಾ? ಇಲ್ಲ ಕಂದ, ಥಂಡಿಗೆ ನೋಯ್ತಾನೇ ಇತ್ತಂತೆ. ಆದರೆ ತಿಪ್ಪಯ್ಯ ಮತ್ತೆ ಹೊಳೆ ಮೇಲಿದ್ದ, ಆಚೆದಡದ ಜನ ತಿಪ್ಪಣ್ಣೋ ಅಂತ ಕೂಗಿ ಕರೀತಿದ್ರು, ಗಂಡ ಹೆಂಡತಿ ತಲೆ ಎತ್ಕೊಂಡು ಬಾಳಿದ್ರಂತೆ. ಕತೆ ಅಲ್ಲಿಗೆ ಮುಗೀತು ಕಣೆ, ಕಣ್ಣು ಮುಚ್ಚು.