ಮಂಡಿಕೋಡಿ

ಹುಲ್ಲೆಗುಂದಿಯ ಕೆರೆ ಏರಿಯ ಮೇಲೆ ಪಡುವಲಕ್ಕೆ ನಡೆದರೆ, ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕಲ್ಲಿನ ಕೋಡಿ ಸಿಗುತ್ತದೆ. ಅದಕ್ಕೆ ಮಂಡಿಕೋಡಿ ಎಂದು ಹೆಸರು. ಹಿಂದೆ ಇಲ್ಲಿ ಧಾನ್ಯದ ಮಂಡಿ ಇದ್ದಿರಬೇಕೆಂದು ಹೊರಗಿನವರು ಊಹಿಸುವುದುಂಟು. ಊರ ಹಿರಿಯರ ಮುಂದೆ ಹಾಗೆಂದರೆ ಅವರ ಹುಬ್ಬು ಗಂಟಿಕ್ಕುತ್ತದೆ. ಅದು ಮನುಷ್ಯನ ಮಂಡಿ, ಜಟ್ಟಿ ಕಾಟಯ್ಯನ ಮಂಡಿ ಎನ್ನುತ್ತಾರೆ.

ಹಿಂದೆ ಪಾಳೆಯಗಾರರ ಕಾಲದಲ್ಲಿ, ಕಾಟಯ್ಯನ ಬೆನ್ನಿಗೆ ಮಣ್ಣು ತಾಗಿಸಿದ ಜಟ್ಟಿ ಆ ಸೀಮೆಯಲ್ಲೇ ಇರಲಿಲ್ಲವಂತೆ. ನಾಯಕರ ಕೋಟೆಗೆ ಮುತ್ತಿಗೆ ಬಿದ್ದು, ಮನೆಗೊಂದು ಆಳು ಬರಲೆಂದು ಅಪ್ಪಣೆಯಾದಾಗ, ಊರಗೌಡ ಕರಿಬಸವನಗೌಡ ತನ್ನ ಮಗನನ್ನು ಅಡಗಿಸಿಟ್ಟು ಅವನ ಬದಲಿಗೆ ಕಾಟಯ್ಯನನ್ನು ಕಳಿಸಿದ. ಕಾಟಯ್ಯ ಕೋಟೆಯ ಬಾಗಿಲು ಕಾದ. ಬಲಪಾದ ಹಗೆಗಳ ಗುಂಡೇಟಿಗೆ ಸಿಕ್ಕಿ ನುಚ್ಚಾಯಿತು. ಕೋಲೂರಿಕೊಂಡು ಮರಳಿದವನಿಗೆ ಗರಡಿಯ ಬಾಗಿಲು ಮುಚ್ಚಿತ್ತು. ಆದರೂ ಅವನು ಕೂತು ಉಣ್ಣಲಿಲ್ಲ. ಯಾರೂ ಕರೆಯದಿದ್ದರೂ ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿದ, ಏರಿಯಲ್ಲಿ ಇಲಿ ಕೊರೆದ ಬಿಲಗಳನ್ನು ಮುಚ್ಚಿದ. ಊರವರು ನೋಡುತ್ತ ಹೋದರು, ನೋಡುತ್ತ ಬಂದರು.

ಒಂದು ವರ್ಷ ಗೌಡ ಕೋಡಿಯ ನೀರು ಹರಿಯುವ ದಾರಿಯಲ್ಲೇ ಕಬ್ಬು ಹಾಕಿ, ನೀರು ಅತ್ತ ಬಾರದಂತೆ ಕೋಡಿಗೆ ಕಲ್ಲು ಪೇರಿಸಿದ. ಊರು ತುಟಿ ಬಿಚ್ಚಲಿಲ್ಲ. ಆ ಸಲ ಮಳೆ ಹುಚ್ಚೆದ್ದು ಸುರಿದು ಕೆರೆ ಕಂಠಮಟ್ಟ ತುಂಬಿತು. ಏರಿಯ ಕೆಳಗಿನ ತಗ್ಗುಕೇರಿಯ ಮುದುಕಿ ತಿಪ್ಪವ್ವ ಓಡಿಬಂದು, "ಕಾಟಯ್ಯಾ, ಗುಡಿಸಲ ನೆಲದಾಗೆ ನೀರು ಒಸರ್ತಾ ಐತಪ್ಪಾ" ಎಂದಳು. ಅವನು ಕುಂಟುತ್ತ ಗೌಡನ ಮನೆಗೆ ಹೋದ.

"ಗೌಡ್ರೇ, ಕೋಡಿ ಬಿಚ್ಚಿಸ್ರಿ. ಏರಿ ಒಡೆದ್ರೆ ತಗ್ಗುಕೇರಿ ಉಳಿಯಂಗಿಲ್ಲ."

"ಗುಡಿಸಲು ಹೋದ್ರೆ ಮತ್ತೆ ಹಾಕ್ಕೊಂತಾರೆ. ಕಬ್ಬು ಹೋದ್ರೆ ನೀನು ತಂದುಕೊಡ್ತೀಯೇನೋ, ಕುಂಟ?"

ಯುದ್ಧದಲ್ಲೂ ಅಷ್ಟು ಕುದಿಯದ ರಕ್ತ ಆಗ ಕುದಿಯಿತಂತೆ. ಯಾರ ಮಗನ ಪಾಲಿನ ಗುಂಡನ್ನು ತಾನು ತಿಂದಿದ್ದನೋ ಅವರ ಜಗಲಿಯ ಮೇಲೆ ನಿಂತು ಕುಂಟನೆನಿಸಿಕೊಂಡಿದ್ದ. ಹಾರೆ ಹಿಡಿದು ಹೋಗಿ ಕೋಡಿಯ ಕಲ್ಲುಗಳನ್ನು ಒಂದೊಂದಾಗಿ ಕಿತ್ತೆಸೆದ. ನೀರು ಮೊರೆಯುತ್ತ ಗೌಡನ ಕಬ್ಬಿನ ಮೇಲೆ ನುಗ್ಗಿತು; ಏರಿ ಉಳಿಯಿತು. ಗೌಡ ಇಬ್ಬರು ಜಟ್ಟಿಗಳನ್ನೂ ಕಲ್ಲು ಹೊರುವ ಆಳುಗಳನ್ನೂ ಕಟ್ಟಿಕೊಂಡು ಬಂದ. ನಿಂತು ಸೆಣಸಲು ಪಾದವಿಲ್ಲದ ಕಾಟಯ್ಯ ಕೋಡಿಯ ಬಾಯಿಗೆ ಬಲಮಂಡಿಯೂರಿ, "ನನ್ನ ಬೆನ್ನಿಗೆ ಮಣ್ಣು ತಾಗಿಸಿ, ಆಮ್ಯಾಲೆ ಕಲ್ಲಿಡ್ರಿ" ಎಂದ. ಮೇಲೆ ಬಿದ್ದ ಮೊದಲನೆಯವನನ್ನು ತೊಡೆಹಿಡಿದೆತ್ತಿ ಕಬ್ಬಿನ ಕೆಸರಿಗೆ ಒಗೆದ. ಎರಡನೆಯವನ ಕುತ್ತಿಗೆಯನ್ನು ತೋಳಲ್ಲಿ ಬಿಗಿದು, ಅವನು ನೆಲ ತಟ್ಟಿ ಬೇಡುವವರೆಗೆ ಬಿಡಲಿಲ್ಲ. ಗೌಡ ಆಳುಗಳತ್ತ ನೋಡಿದ. ಅವರು ಹೊತ್ತ ಕಲ್ಲುಗಳನ್ನು ನೆಲಕ್ಕಿಳಿಸಿ ಹಿಂದೆ ಸರಿದರು.

ಏರಿಯ ಮೇಲೆ ನೆರೆದ ಊರು "ಭಲೇ ಜಟ್ಟಿ!" ಎಂದು ಕೂಗಿತು. ಕಾಟಯ್ಯನ ಕೋಪ ಈಗ ಅವರತ್ತ ತಿರುಗಿತು. "ಭಲೇ ಅನ್ನಾಕೆ ಬಂದ್ರಾ? ಅವ್ನು ಕಲ್ಲು ಪೇರ್ಸುವಾಗ ಎಲ್ಲಿ ಸತ್ತಿದ್ರಿ? ನಾಳೆ ನಂಗೆ ಗುಡಿ ಕಟ್ತೀರಿ, ನಂಗೊತ್ತು. ಕಟ್ಟಿದ್ರೆ ಒದ್ದು ಕೆಡವ್ತೀನಿ!" ತಿಪ್ಪವ್ವ ಒಬ್ಬಳೇ ಬುಟ್ಟಿ ಹಿಡಿದು ಬಂದು, ಒಸರುವ ಏರಿಗೆ ಮಣ್ಣು ಸುರಿದಳು. ಆಮೇಲೆ ಒಬ್ಬೊಬ್ಬರೇ ಇಳಿದು ಬಂದರು.

ಕೋಡಿಯ ಹಾಸುಗಲ್ಲಿನಲ್ಲಿ ಬೊಗಸೆಯಷ್ಟು ತಗ್ಗೊಂದಿದೆ. ಅದು ಅವನು ಮಂಡಿಯೂರಿದ ಜಾಗವೆಂದು ಇಂದಿಗೂ ತೋರಿಸುತ್ತಾರೆ. ಅಲ್ಲಿ ಗುಡಿಯಿಲ್ಲ, ದೀಪವಿಲ್ಲ. ಹರಕೆಯೆಂದು ಯಾರಾದರೂ ಕಾಯಿ ಹಿಡಿದು ಬಂದರೆ, ಊರವರು ಕಾಯನ್ನು ಪಕ್ಕಕ್ಕಿಟ್ಟು ಅವರ ಕೈಗೆ ಮಣ್ಣಿನ ಬುಟ್ಟಿ ಕೊಡುತ್ತಾರೆ.