ಗಾಣಕ್ಕೆ ನಿಂತ ಪಟ್ಟದಾನೆ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಕಬ್ಬು ಆಳೆತ್ತರ ಬೆಳೆಯುವ ಒಂದು ರಾಜ್ಯ ಇತ್ತು. ಅಲ್ಲಿ ಜವರ ಅಂತ ಒಬ್ಬ ಮಾವುತ. ರಾಜನ ಪಟ್ಟದಾನೆ ಚಂಪೆಯನ್ನು ನೋಡಿಕೊಳ್ಳೋದು ಅವನ ಕೆಲಸ. ದಿನಾ ಹೊಳೆಗೆ ಕರಕೊಂಡು ಹೋಗಬೇಕು, ಮೈ ಉಜ್ಜಬೇಕು, ಕಾಲಿನ ಸರಪಳಿ ಬಿಚ್ಚಿ ನೋಡಬೇಕು.

ಕಬ್ಬು ಅರೆಯುವ ಕಾಲ ಬಂತು. ಬೆಲ್ಲದ ಪಾಕದ ಹದ ಜವರನಿಗೆ ಚೆನ್ನಾಗಿ ಗೊತ್ತು. ಆಲೆಮನೆಯ ಮರಿಗೌಡ ಕರೆದ. "ಸುಗ್ಗಿ ಮುಗಿಯೋವರೆಗೂ ಬಾರೋ ಜವರ. ಮನೆಗೆ ಬೇಕಾದಷ್ಟು ಬೆಲ್ಲ ಒಯ್ಯಿ."

ಮನೆಯಲ್ಲಿ ಬಸುರಿ ಮಗಳಿದ್ದಳು, ಸಿಹಿಗೆ ಆಸೆಪಡುತ್ತಿದ್ದಳು. ಜವರ ಹೂಂ ಅಂದ. ಅರಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ದಿನಾ ಆನೆ ಮುಂದೆ ಒಂದಿಷ್ಟು ಮೇವು ಎಸೆದು ಆಲೆಮನೆಗೆ ಓಡತೊಡಗಿದ.

ಒಂದು ದಿನ ಆನೆ ಕೇಳಿತು, "ಜವರಣ್ಣ, ಹೊಳೆಗೆ ಹೋಗೋದಿಲ್ವಾ?"

"ಹೊಟ್ಟೆನೋವು ಕಣವ್ವ, ನಾಳೆ ಹೋಗೋಣ."

ಇನ್ನೊಂದು ದಿನ ಕೇಳಿತು, "ಸರಪಳಿ ಬಿಗಿಯಾಗಿದೆ, ಒಂಚೂರು ನೋಡಣ್ಣ."

"ಅತ್ತೆಗೆ ಹುಷಾರಿಲ್ಲ ಕಣವ್ವ, ನಾಳೆ ನೋಡ್ತೀನಿ."

ಮತ್ತೊಂದು ದಿನ ಕೇಳಿತು, "ಕಾಲು ಉರೀತಿದೆ, ನೀರಾದರೂ ಹುಯ್ಯಣ್ಣ."

"ಇವತ್ತು ಅಮಾವಾಸ್ಯೆ ಕಣವ್ವ, ನಾಳೆ ಖಂಡಿತ."

ಆನೆ ಸೊಂಡಿಲು ಚಾಚಿ ಅವನ ಅಂಗೈ ಮೂಸಿತು. ಬೆಲ್ಲದ ವಾಸನೆ!

ಮಾರನೇ ಬೆಳಗ್ಗೆ ಜವರ ಕೊಪ್ಪರಿಗೆ ಮುಂದೆ ನಿಂತು ಪಾಕ ತಿರುವುತ್ತಿದ್ದ. ಮರಿಗೌಡ ಏದುಸಿರು ಬಿಡುತ್ತಾ ಬಂದ. "ಲೋ ಜವರ, ಗಾಣಕ್ಕೆ ಯಾರು ಬಂದವ್ರೆ ನೋಡು ಬಾ!"

ಜವರ ತಿರುಗಿ ನೋಡಿದ. ಎತ್ತುಗಳನ್ನು ಪಕ್ಕಕ್ಕೆ ತಳ್ಳಿ, ಕಿತ್ತ ಗೂಟ ಎಳೆದುಕೊಂಡು, ಪಟ್ಟದಾನೆ ಗಾಣ ತಿರುಗಿಸುತ್ತಿದೆ!

"ಚಂಪೆ! ನೀನಿಲ್ಲಿ?"

"ಸುಗ್ಗಿ ಮುಗಿಯೋವರೆಗೂ ಅಷ್ಟೇ ಅಣ್ಣ. ನಿನಗೆ ಎರಡು ಕೆಲಸ, ನನಗೂ ಎರಡು."

"ಅಯ್ಯೋ, ಇವತ್ತು ದೊರೆ ಸವಾರಿ ಇದೆ! ನಡಿ ತಾಯಿ!"

"ಹೊಟ್ಟೆನೋವು."

"ನನ್ನ ತಲೆ ಹೋಗುತ್ತೆ!"

"ಅತ್ತೆಗೆ ಹುಷಾರಿಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ!"

"ಬೀಳು," ಅಂತು ಆನೆ.

ಬಿದ್ದ. ಬಿದ್ದವನು ಚೀರಿದ. ಸರಪಳಿ ಮಾಂಸದೊಳಕ್ಕೆ ಇಳಿದಿತ್ತು. ಕೀವು ಸೋರುತ್ತಿತ್ತು, ನೊಣಗಳು ಮುತ್ತಿದ್ದವು. ಮರಿಯಾಗಿದ್ದಾಗಿನಿಂದ ತಾನೇ ತೊಳೆದ ಕಾಲು! ಜವರ ಸರಪಳಿ ಬಿಚ್ಚತೊಡಗಿದ. ಹಿಂದೆ ಪಾಕ ಸೀದು ಹೊಗೆಯೆದ್ದರೂ ತಿರುಗಿ ನೋಡಲಿಲ್ಲ.

ತಲೆಯೆತ್ತಿದರೆ ಎದುರಿಗೆ ರಾಜ! ಆನೆ ಹುಡುಕಿಕೊಂಡು ನಡೆದೇ ಬಂದಿದ್ದ.

"ತಪ್ಪಾಯ್ತು ಬುದ್ಧಿ," ಜವರ ತೊದಲಿದ. "ಸುಳ್ಳು ಹೇಳಿ ಇಲ್ಲಿಗೆ ಬಂದೆ."

ರಾಜ ಆನೆಯ ಕಾಲು ನೋಡಿದ. ಮುಖ ಕೆಂಪೇರಿತು. "ಕೇಳಿದ್ದರೆ ಬೇಡ ಅಂತಿದ್ದೆನೇನೋ? ಗಾಯ ಮಾಯೋವರೆಗೂ ಆಲೆಮನೆ ಕಡೆ ತಲೆ ಹಾಕಬೇಡ. ಆಮೇಲೂ ಇವಳ ಸ್ನಾನ, ಮೇವು ಎಲ್ಲ ಮುಗಿಸಿ, ಇವಳನ್ನೇ ಕೇಳು. ಇವಳು ಹೂಂ ಅಂದರೆ ಹೋಗು."

ಗಾಯ ಮಾಯುವಷ್ಟರಲ್ಲಿ ಕಬ್ಬಿನ ಗದ್ದೆಗಳೆಲ್ಲ ಬೋಳಾಗಿದ್ದವು. ಆ ವರ್ಷ ಜವರನ ಮೊಮ್ಮಗು ಬೆಲ್ಲವಿಲ್ಲದ ಮನೆಯಲ್ಲೇ ಹುಟ್ಟಿತು.

ನೋಡಿದಿರಾ ಮಕ್ಕಳೇ? ಎರಡು ಕೆಲಸ ಹಿಡಿಯೋದು ತಪ್ಪಲ್ಲ. ನಮ್ಮನ್ನೇ ನಂಬಿ ನಿಂತ ಜೀವಕ್ಕೆ ಸುಳ್ಳು ಹೇಳಿ ಹೋಗೋದು ತಪ್ಪು. ಮೊದಲು ಒಪ್ಪಿಕೊಂಡ ಕೆಲಸ ಮೊದಲು ಮುಗಿಸಿ. ಆಮೇಲೆ ಎಲ್ಲಿಗೇ ಹೋದರೂ, ಹೇಳಿ ಹೋಗಿ.